ಭೂದೇವಿಯ ಮಾತು ಎರಡು ಸಲ

ಸ್ವರ್ಣಲತಾಳ ಮನೆಯಲ್ಲಿ ಎಂಟು ಮೂಟೆ ಜೋಳ ಕೂತಿತ್ತು. ಮನೆ ಅಂದರೆ ಅರಮನೆ ಅಂದುಕೊಳ್ಳಬೇಡಿ. ಗುಂಡ್ಲುಪೇಟೆಯಲ್ಲಿ ಟೈಲರ್ ಹಿದಾಯತ್ ಉಲ್ಲಾನ ವಠಾರದಲ್ಲಿ ಒಂದೇ ಒಂದು ರೂಮು. ಒಂದು ಮೂಲೆಗೆ ಗ್ಯಾಸ್ ಒಲೆ, ಇನ್ನೊಂದು ಮೂಲೆಗೆ ನಾಟಕದ ಸೀರೆ, ಕಿರೀಟ, ಚೌರಿಕೂದಲು ತುಂಬಿದ ಟ್ರಂಕು. ಮಿಕ್ಕ ಜಾಗವನ್ನೆಲ್ಲ ಆ ಮೂಟೆಗಳೇ ನುಂಗಿದ್ದವು. ಅವಳು ಕಾಲು ಮಡಚಿಕೊಂಡೇ ಮಲಗಬೇಕಿತ್ತು.

ಟೈಲರ್ ಹೆಂಡತಿ ಜಾಹಿದಾ ಬಾಗಿಲಿಗೆ ಬಂದಾಗಲೆಲ್ಲ ಗೊಣಗುತ್ತಿದ್ದಳು. "ಅಲ್ಲ ಅಕ್ಕಾ, ಇಷ್ಟೊಂದು ಜೋಳ ಇಟ್ಕೊಂಡು ಅಂಗಡಿ ಅಕ್ಕಿ ತಂದು ತಿಂತೀರಲ್ಲ! ಮಾರಿಬಿಡಿ. ಇಲ್ಲಾಂದ್ರೆ ನಂಗೆ ಕೊಡಿ, ರೊಟ್ಟಿ ತಟ್ಟಿ ನಿಮಗೇ ತಿನ್ನಿಸ್ತೀನಿ."

"ಬೇಡ ಕಣಮ್ಮ. ಮಕ್ಕಳೊಂದಿಗಳು ನೀನು. ಅದರ ತಂಟೆಗೆ ಹೋಗಬೇಡ."

"ಯಾಕೆ, ವಿಷ ಹಾಕಿದ್ದೀರಾ?"

ಸ್ವರ್ಣಲತಾ ನಗಲಿಲ್ಲ. ಅವಳ ಸಂಕಟ ಜಾಹಿದಾಗೆ ಹೇಗೆ ಗೊತ್ತಾಗಬೇಕು? ಜೋಳ ಅಂದಮೇಲೆ ವರ್ಷ ತುಂಬುವುದರೊಳಗೆ ನುಸಿ ಹಿಡಿಯಬೇಕು, ಹಿಟ್ಟುಹಿಟ್ಟಾಗಿ ಉದುರಬೇಕು. ಎಂಟು ವರ್ಷದ ಹಿಂದಿನ ಮೂಟೆಗೆ ಕೈ ಹಾಕಿದರೂ ಈಗ ತಾನೇ ಕಣದಿಂದ ತುಂಬಿ ತಂದ ಹಾಗೆ ಕಾಳು ಗಟ್ಟಿಯಾಗಿ, ತಣ್ಣಗೆ ಬೆರಳ ಸಂದಿಯಿಂದ ಜಾರುತ್ತಿತ್ತು. ಒಂದು ಹುಳ ಇಲ್ಲ. ಮಟಮಟ ಮಧ್ಯಾಹ್ನ ಅವಳೊಬ್ಬಳೇ ಊಟಕ್ಕೆ ಕೂತಾಗ ಯಾವುದೋ ಒಂದು ಮೂಟೆಯೊಳಗೆ ಕಾಳು ತನ್ನಷ್ಟಕ್ಕೆ ತಾನೇ ಜರಿಯುವ ಸದ್ದು ಬರುತ್ತಿತ್ತು. ಒಂದೊಂದು ಸಲ ಮಲ್ಲಿಗೆ ಹೂವಿನ ವಾಸನೆಯೂ ಬರುತ್ತಿತ್ತು. ಜೋಳದಲ್ಲಿ ಎಲ್ಲಿಯ ಮಲ್ಲಿಗೆ? ತುತ್ತು ಕೈಯಲ್ಲೇ ಉಳಿದುಹೋಗುತ್ತಿತ್ತು.

ವರ್ಷಕ್ಕೊಂದು ಮೂಟೆ ತಂದು ಹಾಕುತ್ತಿದ್ದವಳು ಪುಣಜನೂರಿನ ಕಾವ್ಯಶ್ರೀ. ಸಂಕ್ರಾಂತಿ ಕಳೆದು ಎಂಟು ದಿನಕ್ಕೆ, ಎರಡು ಬಸ್ಸು ಬದಲಾಯಿಸಿ, ಮೂಟೆಯನ್ನು ಆಟೋದಲ್ಲಿ ಹೇರಿಸಿಕೊಂಡು ಬರುತ್ತಿದ್ದಳು. ಹಣೆ ಬರಿದು, ಕೈ ಬರಿದು. ವಯಸ್ಸು ಇನ್ನೂ ಇಪ್ಪತ್ತೇಳು. ಮೂಟೆ ಇಳಿಸಿ ಒಂದು ಲೋಟ ನೀರು ಕುಡಿದು, "ನೀ ಹರಸಿದ ಹೊಲದ್ದು ಕಣಕ್ಕ" ಅಂದು ಹೊರಟುಬಿಡುತ್ತಿದ್ದಳು. ಆ ಮಾತು ಕೇಳಿದ ದಿನ ಸ್ವರ್ಣಲತಾಗೆ ಅನ್ನ ಸೇರುತ್ತಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನಾಟಕದ ವಿಷಯಕ್ಕೆ ಬರಬೇಕು.

ಚಾಮರಾಜನಗರದ ಹತ್ತಿರದ ಹರದನಹಳ್ಳಿಯಲ್ಲಿ ಒಂದು ಹಳೇ ನಾಟಕ ಉಂಟು. ಯಾರದೋ ಮುತ್ತಾತ ಬರೆದದ್ದು, ಅಚ್ಚಾಗಿಲ್ಲ, ಕೈಬರಹದ ಪುಸ್ತಕವೇ ಗತಿ. ಜನ ಅದನ್ನ ಸುಮ್ಮನೆ ಕಲ್ಯಾಣದ ನಾಟಕ ಅಂತಾರೆ. ರಾಜಕುಮಾರಿಗೂ ರಾಜಕುಮಾರನಿಗೂ ನೂರೆಂಟು ತೊಡಕಾಗಿ, ಕೊನೆಯ ಅಂಕದಲ್ಲಿ ಮದುವೆ. ಆಗ ಇಬ್ಬರು ದೇವಿಯರು ಬಂದು ಹರಸುತ್ತಾರೆ. ಮೊದಲು ಹಸಿರು ಸೀರೆಯ ಭೂದೇವಿ ಬಂದು ಬೆಳೆ ಕೊಡುತ್ತಾಳೆ:

"ಉತ್ತ ನೆಲ ಬಿರಿಯಲಿ, ಬಿತ್ತ ಕಾಳು ನಗಲಿ,
ಕಣದ ರಾಶಿ ಕರಗದಿರಲಿ, ಕಣಜ ಬರಿದಾಗದಿರಲಿ."

ಆಮೇಲೆ ಹಳದಿ ಸೀರೆಯ ಗೌರಿ ಬಂದು ಮುತ್ತೈದೆತನ ಕೊಡುತ್ತಾಳೆ:

"ಹಣೆಯ ಕುಂಕುಮ ಹಣೆಯಲ್ಲಿರಲಿ, ಕೈಯ ಬಳೆ ಕೈಯಲ್ಲಿರಲಿ,
ಬಾಗಿಲು ತೆರೆಯುವ ಕೈ ಎರಡಿರಲಿ, ಮುಪ್ಪಿಗೆ ಒಬ್ಬರಿಗೊಬ್ಬರು ಊರುಗೋಲಾಗಿರಲಿ."

ಇದು ಬರೀ ನಾಟಕ ಅಂದುಕೊಂಡರೆ ಆ ಕಡೆಯ ಜನ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಆ ವರ್ಷ ಮದುವೆ ಗೊತ್ತಾದ ಹೆಣ್ಣುಮಕ್ಕಳು ಮನೆಯಿಂದ ಅಕ್ಕಿ ತಂದು ಮಡಿಲಲ್ಲಿ ಹಿಡಿದು ಸ್ಟೇಜಿನ ಅಂಚಿಗೆ ನಿಲ್ಲುತ್ತಾರೆ. ಇಬ್ಬರು ದೇವಿಯರೂ ಆ ಅಕ್ಕಿಗೆ ಕೈಯಿಟ್ಟು ಮಾತು ಹೇಳಬೇಕು. ಧಾರೆಯ ದಿನ ಅಕ್ಷತೆಗೆ ಬೆರೆಸುವುದು ಅದೇ ಅಕ್ಕಿಯನ್ನು. ಪುರೋಹಿತರ ಮಂತ್ರ ಒಂದು ತಪ್ಪಿದರೂ ನಡೆಯುತ್ತದೆ, ಈ ಅಕ್ಕಿ ಇಲ್ಲದೆ ಧಾರೆ ಎರೆಯಲ್ಲ.

ಇಬ್ಬರು ದೇವಿಯರನ್ನೂ ಆಡುತ್ತಿದ್ದವಳು ಸ್ವರ್ಣಲತಾ ಒಬ್ಬಳೇ. ಹಳದಿ ಸೀರೆ ಉಟ್ಟು ಅದರ ಮೇಲೆ ಹಸಿರು ಸುತ್ತಿಕೊಳ್ಳುವುದು, ಭೂದೇವಿ ಒಳಗೆ ಹೋದ ತಕ್ಷಣ ಹಸಿರು ಕಿತ್ತು ಬಿಸಾಕಿ ಗೌರಿಯಾಗಿ ಬರುವುದು. ಹತ್ತೊಂಬತ್ತನೇ ವಯಸ್ಸಿನಿಂದ ಹೀಗೆ ಕಂಡವರ ಹೆಣ್ಣುಮಕ್ಕಳನ್ನೆಲ್ಲ ಹರಸಿ ಕಳಿಸಿದಳು. ಅವಳಿಗೆ ಮಾತ್ರ ಅಕ್ಕಿ ಹಿಡಿದು ನಿಲ್ಲುವ ಯೋಗ ಬರಲಿಲ್ಲ. ಅದಿರಲಿ.

ಒಂಬತ್ತು ವರ್ಷದ ಹಿಂದೆ ಅಕ್ಕಿ ಹಿಡಿದು ನಿಂತಿದ್ದವಳು ಕಾವ್ಯಶ್ರೀ ಒಬ್ಬಳೇ, ನಾಟಕ ಮಾಡಿಸುವ ಮಹದೇವಪ್ಪನ ಹಿರಿ ಮಗಳು. ಭೂದೇವಿಯ ಸರದಿ ಮುಗಿಯಿತು. ಸ್ವರ್ಣಲತಾ ಒಳಗೆ ಓಡಿದಳು. ಹಸಿರು ಸೀರೆಯ ಪಿನ್ನು ಹೆಗಲಿಗೆ ಚುಚ್ಚಿ ರಕ್ತ ಬಂತು. ಅದನ್ನು ಕಿತ್ತು, ಒರೆಸಿಕೊಂಡು, ಏದುಸಿರು ಬಿಡುತ್ತ ಹಳದಿಯಲ್ಲಿ ಹೊರಗೆ ಬಂದಳು. ಹಾರ್ಮೋನಿಯಂ ಮೇಷ್ಟ್ರು ನಂಜುಂಡಪ್ಪನಿಗೆ ಬೆಳಗಿನ ಜಾವದ ತೂಕಡಿಕೆ. ಗೌರಿಯ ರಾಗ ಹಿಡಿಯಬೇಕಾದವನು ಭೂದೇವಿಯ ರಾಗವನ್ನೇ ಮತ್ತೆ ಹಿಡಿದ. ನಾಟಕದವರ ನಾಲಗೆ ಹಾರ್ಮೋನಿಯಂ ಹೇಳಿದ ಹಾಗೆ ಕೇಳುವ ಪ್ರಾಣಿ. "ಉತ್ತ ನೆಲ ಬಿರಿಯಲಿ" ಅಂತಲೇ ಶುರುವಾಯಿತು. ಎರಡನೇ ಸಾಲೂ ಮುಗಿಯಿತು. ಅಕ್ಕಿಯ ಮೇಲೆ ಕೈಯಿಟ್ಟು ಎತ್ತಿಯೂ ಆಯಿತು. ಪರದೆ ಬಿದ್ದು ಮಂಗಳಾರತಿ ಶುರುವಾದ ಮೇಲೆ ಅವಳಿಗೆ ಅರಿವಾಯಿತು, ಹಾರ್ಮೋನಿಯಂ ಹತ್ತಿರ ಓಡಿದಳು.

"ಮೇಷ್ಟ್ರೆ, ಏನು ಮಾಡ್ಬಿಟ್ಟಿರಿ! ಗೌರಿ ಮಾತು ಹೇಳಲೇ ಇಲ್ಲ. ಆ ಹುಡುಗೀನ ಕರೆಸಿ, ಇಲ್ಲೇ ಹೇಳಿಬಿಡ್ತೀನಿ."

"ಸುಮ್ನಿರವ್ವ. ಅರ್ಧ ಜನ ನಿದ್ದೆ, ಇನ್ನರ್ಧ ಜನ ಶಿಳ್ಳೆ. ಯಾರೂ ಕೇಳಿಸ್ಕಂಡಿಲ್ಲ. ಈಗ ಕರೆದ್ರೆ ಇಬ್ಬರ ಮಾನವೂ ಓಯ್ತದೆ" ಅಂದ ನಂಜುಂಡಪ್ಪ, ಹಾರ್ಮೋನಿಯಂಗೆ ಬಟ್ಟೆ ಹೊದಿಸುತ್ತ. ಮಾನ ಹೋಗುತ್ತದೆ ಅಂದದ್ದಕ್ಕೆ ಇವಳೂ ಬಾಯಿ ಮುಚ್ಚಿಕೊಂಡಳು. ತಪ್ಪು ಆಗಿದ್ದು ಅಲ್ಲೇ ನೋಡಿ. ನಾಲಗೆ ತಪ್ಪಿದ್ದಕ್ಕೆ ಯಾರೂ ಹೊಣೆಯಲ್ಲ, ಬಾಯಿ ಮುಚ್ಚಿಕೊಂಡದ್ದಕ್ಕೆ ಅವಳೇ ಹೊಣೆ.

ಕಾವ್ಯಶ್ರೀಯನ್ನು ಪುಣಜನೂರಿನ ನಾಗೇಂದ್ರನಿಗೆ ಕೊಟ್ಟರು. ಕಾಡಂಚಿನ ಊರು, ಮೂರು ಎಕರೆ ಹೊಲ. ನಾಗೇಂದ್ರ ಗೂಡ್ಸ್ ಆಟೋದಲ್ಲಿ ಸತ್ಯಮಂಗಲದ ಕಡೆಗೆ ತರಕಾರಿ ಹೊಡೆಯುತ್ತಿದ್ದ, ಬರುವಾಗ ಹೆಂಡತಿಗೆ ಅಲ್ಲಿಯ ಮಲ್ಲಿಗೆ ತರುತ್ತಿದ್ದ. ಮದುವೆಯಾಗಿ ಏಳು ತಿಂಗಳಿಗೆ ಘಾಟಿಯ ತಿರುವಿನಲ್ಲಿ ಆಟೋ ಉರುಳಿಬಿತ್ತು. ಹೆಣದ ಜೊತೆ ಹೂವಿನ ಪೊಟ್ಟಣವೂ ಮನೆಗೆ ಬಂತು.

ಅದೇ ವರ್ಷ ಅವರ ಹೊಲದಲ್ಲಿ ಬೆಳೆ ಉಕ್ಕಿತು. ಊರಿಗೆಲ್ಲ ಎಕರೆಗೆ ನಾಲ್ಕು ಮೂಟೆ ಬಂದರೆ ಅಲ್ಲಿ ಎಂಟು. ಮುಂದಿನ ವರ್ಷವೂ ಎಂಟು. ಅಕ್ಕಪಕ್ಕದ ಹೊಲಕ್ಕೆ ನುಗ್ಗಿ ತುಳಿದ ಆನೆಗಳು ಇವರ ಬದುವಿನ ತನಕ ಬಂದು, ನಿಂತು, ವಾಪಸ್ಸು ತಿರುಗಿದವಂತೆ. ಎರಡರಷ್ಟು ಬೆಳೆ, ಬರಿದಾಗದ ಕಣಜ, ಬಾಗಿಲು ತೆರೆಯುವುದಕ್ಕೆ ಒಂದೇ ಕೈ. ಸ್ವರ್ಣಲತಾ ಸುದ್ದಿ ಕೇಳಿ, ಅವಳು ತಂದಿಟ್ಟ ಮೂಟೆಯ ಪಕ್ಕ ಕೂತು ಅತ್ತಳು. ಹೇಳಿದಷ್ಟು ಆಗಿತ್ತು, ಹೇಳದೇ ಇದ್ದದ್ದು ಆಗಿರಲಿಲ್ಲ. ನಂಜುಂಡಪ್ಪನೂ ಮೂರು ವರ್ಷದ ಹಿಂದೆ ತೀರಿಕೊಂಡ. ಗುಟ್ಟು ಇವಳೊಬ್ಬಳ ಎದೆಯ ಮೇಲೇ ಕೂತಿತು. ಅಂದಿನಿಂದ ಬೇರೆ ನಾಟಕಗಳಲ್ಲಿ ಆಡಿದಳೇ ಹೊರತು ಕಲ್ಯಾಣದ ನಾಟಕಕ್ಕೆ ಕರೆದರೆ ಜ್ವರ ಅನ್ನುತ್ತಿದ್ದಳು.

ಹೀಗಿರುವಾಗ ಈ ವರ್ಷ ಮಹದೇವಪ್ಪನೇ ಬಾಗಿಲಿಗೆ ಬಂದ. ಬಂದವನ ಕಣ್ಣು ಮೊದಲು ಬಿದ್ದದ್ದೇ ಮೂಟೆಗಳ ಮೇಲೆ.

"ಅಮ್ಮಾವ್ರೆ, ಈ ಸಲ ನೀವೇ ಬರ್ಬೇಕು. ನಮ್ ಕಿರಿ ಮಗಳು ಸ್ಪಂದನಾದೂ ಮದ್ವೆ ಗೊತ್ತಾಯ್ತು. ಅದೇ ಮನೆಗೇ ಕಣ್ರವ್ವ, ನಾಗೇಂದ್ರನ ತಮ್ಮ ಚಂದ್ರಕುಮಾರಂಗೆ. ಬೀಗ್ತಿ ಪುಟ್ಟಸಿದ್ದಮ್ಮ ಅವ್ರೇ ಬಂದು ಕೇಳುದ್ರು. 'ನಿಮ್ಮನೆ ಹೆಣ್ಣು ಕಾಲಿಟ್ಟ ಹೊಲ ಎಂಗ್ ಬೆಳೀತದೆ ನೋಡಿ, ಇನ್ನೊಂದು ಹೆಣ್ಣೂ ನಮ್ಗೇ ಕೊಡಿ' ಅಂದ್ರು. ನಿಮ್ ಕೈ ಅಕ್ಕಿನೇ ಆಗ್ಬೇಕು ಅಂತ ಅವ್ರ ಹಟ."

"ಹಿರೀಮಗಳು ಹಣೆ ಬರಿದು ಮಾಡ್ಕೊಂಡ ಮನೆ ಅಲ್ವೇನಪ್ಪ ಅದು?"

"ಅದು ಅವಳ ಹಣೇಬರ. ಬೆಳೆ ಬರೋದು ನಿಮ್ ಹರಕೆ" ಅಂದುಬಿಟ್ಟ ಪುಣ್ಯಾತ್ಮ. ಎಷ್ಟು ಸಲೀಸು ನೋಡಿ! ಆದರೂ ಸ್ವರ್ಣಲತಾ ಒಲ್ಲೆ ಅನ್ನಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಆ ಮನೆಯ ಹೆಣ್ಣಿನ ಅಕ್ಕಿಗೆ ಗೌರಿಯ ಮಾತನ್ನು ಪೂರ್ತಿ ಹೇಳಿಬಿಟ್ಟರೆ ತನ್ನ ಎದೆಯ ಭಾರ ಇಳಿಯಬಹುದು ಅನ್ನಿಸಿತು. ಅಕ್ಕನಿಗೆ ತಪ್ಪಿಸಿದ್ದನ್ನು ತಂಗಿಗಾದರೂ ಕೊಡೋಣ ಅಂದುಕೊಂಡು ಟ್ರಂಕು ತೆಗೆದಳು. ಹಳದಿ ಸೀರೆಯ ಹೆಗಲಿನ ಹತ್ತಿರ ಹಳೇ ರಕ್ತದ ಚುಕ್ಕೆ ಹಾಗೇ ಇತ್ತು.

ಹರದನಹಳ್ಳಿಯ ಸುತ್ತ ಚಿರತೆ ಕಾಟ ಶುರುವಾಗಿದ್ದರಿಂದ ಈ ವರ್ಷ ನಾಟಕ ಹಗಲಿಗೇ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಸ್ಕೂಲ್ ಮೈದಾನದಲ್ಲಿ ಶುರು, ಸಂಜೆಯೊಳಗೆ ಮುಕ್ತಾಯ. ಬಣ್ಣ ಹಚ್ಚಿಕೊಳ್ಳಲು ಐದನೇ ಕ್ಲಾಸಿನ ಕೋಣೆ ಕೊಟ್ಟಿದ್ದರು. ಬೋರ್ಡಿನ ಮೇಲೆ ಶನಿವಾರದ ಹಾಜರಿ ಅಳಿಸದೆ ಉಳಿದಿತ್ತು: ಗಂಡು ಹನ್ನೊಂದು, ಹೆಣ್ಣು ಒಂಬತ್ತು. ಸ್ವರ್ಣಲತಾ ಹಳದಿ ಉಟ್ಟು ಹಸಿರು ಸುತ್ತಿಕೊಳ್ಳುತ್ತಿದ್ದಾಗ ಕಾವ್ಯಶ್ರೀ ಒಳಗೆ ಬಂದಳು. ಅವಳ ಬೆನ್ನಿಗೆ ಅಂಟಿಕೊಂಡ ಹಾಗೆ ತಂಗಿ ಸ್ಪಂದನಾ, ಮಡಿಲಲ್ಲಿ ಅಕ್ಕಿಯ ಗಂಟು. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗಿ, ಗುರುತಿನ ಕಾರ್ಡಿನ ದಾರ ಇನ್ನೂ ಕೊರಳಲ್ಲೇ ಇತ್ತು.

ಕಾವ್ಯಶ್ರೀ ಕದ ಮುಂದಕ್ಕೆ ತಳ್ಳಿದಳು. ಸ್ವರ್ಣಲತಾಗೆ ಇನ್ನು ತಡೆಯಲಾಗಲಿಲ್ಲ. ಕಾವ್ಯಶ್ರೀ ಹತ್ತು ನಿಮಿಷ ಮುಂಚೆ ಬಂದಿದ್ದರೆ ಇವಳು ಹೇಳುತ್ತಿದ್ದಳೋ ಇಲ್ಲವೋ, ಅರ್ಧ ದೇವಿಯಾಗಿದ್ದ ಹೊತ್ತಿಗೆ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಕಾವ್ಯಾ, ನಿನ್ನ ಕಾಲಿಗೆ ಬೀಳ್ತೀನಿ ಕಣವ್ವ. ನಿನ್ನ ಅಕ್ಕಿಗೆ ನಾನು ಗೌರಿ ಮಾತು ಹೇಳಲೇ ಇಲ್ಲ. ಭೂದೇವಿ ಮಾತನ್ನೇ ಎರಡು ಸಲ ಹೇಳ್ಬಿಟ್ಟೆ. ಆಮೇಲೆ ನಿನ್ನ ಕರೆದು ಹೇಳೋ ಧೈರ್ಯ ಬರಲಿಲ್ಲ. ನಿನ್ನ ಗಂಡನ ಜೀವ ನನ್ನ ನಾಲಗೆ ಮೇಲಿದೆ."

"ಗೊತ್ತು ಕಣಕ್ಕ" ಅಂದಳು ಕಾವ್ಯಶ್ರೀ.

ಸ್ವರ್ಣಲತಾಳ ಕೈಯಲ್ಲಿದ್ದ ಪಿನ್ನು ಕೆಳಗೆ ಬಿತ್ತು.

"ಗೊತ್ತಾ? ಯಾವಾಗಿಂದ?"

"ಅವತ್ತಿಂದ್ಲೇ. ನಮ್ಮಪ್ಪ ಈ ನಾಟ್ಕ ಮಾಡ್ಸೋದು ಚಿಕ್ಕುಡ್ಗಿಯಿಂದ ನೋಡಿವ್ನಿ. ನಾಕು ಸಾಲೂ ನಂಗೆ ಬಾಯಿಪಾಠ. ನೀ ಅಳದಿ ಉಟ್ಕಂಡು ಬಂದು 'ಉತ್ತ ನೆಲ' ಅಂದಾಗ್ಲೇ ಗೊತ್ತಾಯ್ತು."

"ಗೊತ್ತಾಗಿದ್ರೆ ಕೂಗಬಾರದಾಗಿತ್ತೇನೇ! 'ಅಕ್ಕಾ, ತಪ್ಪಾಯ್ತು' ಅಂತ ಒಂದು ಮಾತು ಅಂದಿದ್ರೆ ಅಲ್ಲೇ ಹೇಳಿಬಿಡ್ತಿದ್ದೆನಲ್ಲ!"

"ಯಾಕ್ ಕೂಗ್ಲಿ? ನಂಗೆ ಆ ಮದ್ವೆ ಬ್ಯಾಡವಾಗಿತ್ತು. ಯಾಕ್ ಬ್ಯಾಡ ಅಂತ ಕೇಳುದ್ರೆ ಏಳಾಕೂ ಬತ್ತಿರ್ನಿಲ್ಲ, ಅದ್ನೆಂಟು ವರ್ಷ ನಂಗೆ. ನೀ ಮಾತು ತಪ್ಪಿದ್ದು ಕೇಳಿ ಒಳಗೊಳಗೇ ಕುಸಿ ಆಯ್ತು ಕಣಕ್ಕ. ಈ ಮದ್ವೆ ನಿಂತೋಯ್ತದೆ ಅಂದ್ಕಂಡು ಸುಮ್ಕೆ ಅಕ್ಕಿ ಕಟ್ಕಂಡು ಒಂಟೋದೆ." ಅವಳು ಬೆಂಚಿನ ಮೇಲೆ ಕೂತಳು. "ಮದ್ವೆ ನಿಲ್ನಿಲ್ಲ. ಅವ್ರೇ ಒಂಟೋದ್ರು. ಕೆಟ್ಟೋರಾಗಿದ್ರೆ ಇಷ್ಟ್ ಸಂಕ್ಟ ಇರ್ತಿರ್ನಿಲ್ಲ. ನಂಗೆ ಒಂದಿನ ಗದರ್ದೋರಲ್ಲ. ನಾ ಮಾತಾಡ್ದಿದ್ರೂ ಹೂವ ತಂದು ಕಿಟ್ಕಿ ಮೇಲಿಟ್ಟು ಓಗೋರು. ಮುಡ್ಕಂಡ್ರೆ ಸರಿ, ಇಲ್ಲಾಂದ್ರೆ ಬ್ಯಾಸ್ರ ಇಲ್ಲ. ಏಳು ತಿಂಗ್ಳು ತಂದ್ರು. ನಾ ಒಂದಿನ್ವೂ ಮುಡೀನಿಲ್ಲ."

ಹೊರಗೆ ಕೊನೆಯ ಅಂಕದ ಮದ್ದಳೆ ಕೇಳುತ್ತಿತ್ತು. ಒಂಬತ್ತು ವರ್ಷ ಇಬ್ಬರೂ ಒಂದೇ ಕಲ್ಲನ್ನು ಬೇರೆ ಬೇರೆ ಮನೆಯಲ್ಲಿ ಹೊತ್ತುಕೊಂಡು ಕೂತಿದ್ದರು, ಒಬ್ಬರಿಗೊಬ್ಬರು ತಿಳಿಯದೆ.

"ಮತ್ತೆ ವರ್ಷಾವರ್ಷ ಜೋಳ ಯಾಕೆ ತಂದೆ? ನಾನು ನೀನೇನೋ ಉಪಕಾರ ಅಂತ..."

"ಒಬ್ಳೇ ತಿನ್ನಾಕಾಯ್ತಿರ್ನಿಲ್ಲ ಕಣಕ್ಕ. ಅದ್ರಲ್ಲಿ ನಿಂಗೂ ಪಾಲದೆ ಅಂತ ತಂದಾಕ್ದೆ." ಆಮೇಲೆ ಕೇಳಿದಳು, "ನಿಂಗೂ ಮಲ್ಗೆ ವಾಸ್ನೆ ಬತ್ತದಾ?"

ಸ್ವರ್ಣಲತಾ ಕೆಳಗೆ ಬಿದ್ದ ಪಿನ್ನು ಹುಡುಕಲು ಬಗ್ಗಿದಳು.

ಅಲ್ಲಿಯವರೆಗೂ ಉಗುರು ಕಚ್ಚುತ್ತ ನಿಂತಿದ್ದ ಸ್ಪಂದನಾ ಮುಂದೆ ಬಂದು ಅಕ್ಕಿಯ ಗಂಟನ್ನು ಸ್ವರ್ಣಲತಾಳ ಕೈಗೆ ಒತ್ತಿದಳು. "ಅಮ್ಮಾ, ನಂಗೂ ಅಂಗೇ ಮಾಡ್ಬುಡಿ. ಭೂದೇವಿ ಮಾತನ್ನೇ ಎಲ್ಡು ಸಲ ಏಳ್ಬುಡಿ. ನಂಗೂ ಈ ಮದ್ವೆ ಬ್ಯಾಡ. ಅಕ್ಕ ಅತ್ತ ಮನೇಲಿ ನಾನೆಂಗೆ ನಗ್ನಗ್ತಾ ಸಂಸಾರ ಮಾಡ್ಲಿ? ಅಪ್ಪಂಗೆ ಏಳುದ್ರೆ ಕಿವಿಗೇ ಆಕ್ಕಳಲ್ಲ."

"ಅಯ್ಯೋ ಹುಚ್ಚುಡ್ಗಿ! ಅಂದರೆ ಏನು ಗೊತ್ತಾ ನಿಂಗೆ?"

"ಅವ್ರು ಸಾಯ್ಲಿ ಅಂತಲ್ಲಮ್ಮ. ಮದ್ವೆ ನಿಲ್ಲಲಿ ಅಂತ."

"ನಿಲ್ಲೋದು ಮದುವೆಯೋ ಉಸಿರೋ, ಅದು ನನ್ನ ಕೈಲಿಲ್ಲ ಕಣಮ್ಮಿ. ನಿನ್ನಕ್ಕನೂ ಹೀಗೇ ಅಂದುಕೊಂಡಿದ್ದಳು." ಸ್ವರ್ಣಲತಾ ಕಾವ್ಯಶ್ರೀಯ ಕಡೆ ತಿರುಗಿದಳು. "ನೀನಾದ್ರೂ ಬುದ್ಧಿ ಹೇಳೇ."

ಕಾವ್ಯಶ್ರೀ ತಲೆ ಎತ್ತಲಿಲ್ಲ. "ಏನಂತ ಏಳ್ಲಿ? ಗೌರಿ ಮಾತ ಏಳುದ್ರೆ ಇವ್ಳು ಬದುಕ್ನೆಲ್ಲ ಆ ಮನೇಲಿ ಕಳೀಬೇಕು. ಏಳ್ದಿದ್ರೆ ಆ ಚಂದ್ರ ಏನಾಯ್ತನೋ. ಅವ್ನೂ ಪಾಪ್ದೋನೇ. ಯಾವ್ದಾದ್ರೂ ಒಂದ್ ಮಾಡು, ನಂಗೆ ತೋಚ್ತಾ ಇಲ್ಲ."

ಈಗ ನೀವೇ ಹೇಳಿ, ಅವಳು ಏನು ಮಾಡಬೇಕು? ಮಾತು ಹೇಳಿದರೆ ಒಂದು ಹೆಣ್ಣಿನ ಬಾಳು, ಬಿಟ್ಟರೆ ಒಂದು ಗಂಡಿನ ಜೀವ. ಎದೆಯ ಭಾರ ಇಳಿಸಿಕೊಳ್ಳೋಣ ಅಂತ ಬಂದವಳಿಗೆ ಇನ್ನೊಂದು ಮೂಟೆ ಹೊರಿಸಿದ ಹಾಗಾಯಿತು. ಅಷ್ಟರಲ್ಲಿ ಹೊರಗಿನಿಂದ ಮಹದೇವಪ್ಪನ ಕೂಗು ಕೇಳಿಸಿತು: "ಭೂದೇವಿ ರೆಡಿನಾ!"

ಮಧ್ಯಾಹ್ನ ಮೂರು ಗಂಟೆಯ ಸುಡುಬಿಸಿಲು. ಮೈದಾನದ ತುಂಬ ಜನ, ಹುಣಸೆ ಮರದ ನೆರಳಿನಲ್ಲಿ, ಟ್ರ್ಯಾಕ್ಟರ್ ಟ್ರೈಲರಿನ ಮೇಲೆ. ಸ್ಟೇಜಿನ ಅಂಚಿನಲ್ಲಿ ಮೂರು ಹುಡುಗಿಯರು ಅಕ್ಕಿ ಹಿಡಿದು ನಿಂತಿದ್ದರು, ಕೊನೆಯವಳು ಸ್ಪಂದನಾ. ಮುಂದಿನ ಸಾಲಿನ ಕುರ್ಚಿಯಲ್ಲಿ ಪುಟ್ಟಸಿದ್ದಮ್ಮ, ಪಕ್ಕದಲ್ಲಿ ಮದುಮಗ ಚಂದ್ರಕುಮಾರ್ ತಲೆ ತಗ್ಗಿಸಿ ಮೊಬೈಲು ಉಜ್ಜುತ್ತಿದ್ದ. ಕಾವ್ಯಶ್ರೀ ದೂರದಲ್ಲಿ, ಕೊಳಾಯಿಯ ಹತ್ತಿರ. ಶುಭದ ಸಾಲಿನಲ್ಲಿ ಅವಳಿಗೆ ಜಾಗವಿಲ್ಲ.

ಭೂದೇವಿಯ ಮಾತು ಮುಗಿಯಿತು. ಸ್ವರ್ಣಲತಾ ಒಳಗೆ ಹೋಗಿ ಹಸಿರು ಕಳಚಿದಳು. ಈ ಸಲ ಪಿನ್ನು ಚುಚ್ಚಲಿಲ್ಲ. ಹಳದಿಯಲ್ಲಿ ಹೊರಗೆ ಬಂದಾಗ ಹೊಸ ಹಾರ್ಮೋನಿಯಂ ಮೇಷ್ಟ್ರು ಸರಿಯಾಗಿ ಗೌರಿಯ ರಾಗವನ್ನೇ ಹಿಡಿದಿದ್ದ. ಅವಳ ನಾಲಗೆ ರಾಗದ ಹಿಂದೆ ಹೊರಟೇಬಿಟ್ಟಿತ್ತು. ಹಣೆಯ... ಅಂದವಳೇ ಗಕ್ಕನೆ ಕೈ ಎತ್ತಿದಳು. ಹಾರ್ಮೋನಿಯಂ ನಿಂತಿತು.

ಅವಳು ಮೊದಲನೇ ಹುಡುಗಿಯ ಮುಂದೆ ನಿಂತಳು. ಒಳಗಿನಿಂದ ಬಂದ ದನಿ ತನ್ನದು ಅಂತ ಅವಳಿಗೇ ಅನ್ನಿಸಲಿಲ್ಲ.

"ಮಗಳೇ, ನಿನಗೆ ಗೊತ್ತು ಮಾಡಿರುವ ವರ ನಿನಗೆ ಒಪ್ಪಿಗೆಯೇ? ನಾಚದೆ ನುಡಿ. ಒಪ್ಪಿಗೆಯಿಲ್ಲದ ಅಕ್ಕಿಗೆ ಗೌರಿಯ ಕೈ ತಾಗದು."

ಜನಕ್ಕೆ ಖುಷಿಯೋ ಖುಷಿ. ಶಿಳ್ಳೆ ಬಿತ್ತು. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು "ಹೂಂ ತಾಯಿ" ಅಂದಳು. ಸ್ವರ್ಣಲತಾ ಅಕ್ಕಿಗೆ ಕೈಯಿಟ್ಟು ಎರಡೂ ಸಾಲು ತಪ್ಪದೆ ಹೇಳಿದಳು. ಎರಡನೆಯವಳು ಕೇಳುವ ಮೊದಲೇ "ಒಪ್ಗೆ!" ಅಂದುಬಿಟ್ಟಳು, ಜನ ಬಿದ್ದು ಬಿದ್ದು ನಕ್ಕರು. ಅವಳ ಅಕ್ಕಿಗೂ ಮಾತಾಯಿತು.

"ಮಗಳೇ ಸ್ಪಂದನಾ, ನಿನಗೆ ಒಪ್ಪಿಗೆಯೇ?"

ಹುಡುಗಿ ಅಪ್ಪನನ್ನು ನೋಡಿದಳು, ಕೊಳಾಯಿಯ ಹತ್ತಿರ ನಿಂತ ಅಕ್ಕನನ್ನು ನೋಡಿದಳು. ಆಮೇಲೆ ದೇವಿಯ ಮುಖವನ್ನೇ ನೋಡುತ್ತ ಹೇಳಿದಳು:

"ಇಲ್ಲ ತಾಯಿ. ನಂಗೆ ಒಪ್ಗೆ ಇಲ್ಲ."

ಮೈಕು ಅದನ್ನು ಊರಾಚೆಯ ತನಕ ಒಯ್ದಿತು. ಪುಟ್ಟಸಿದ್ದಮ್ಮ ಧಡಕ್ಕನೆ ಎದ್ದು ನಿಂತು ಬಾಯಿ ತೆರೆದಳು, ಹಳದಿ ಸೀರೆ ಕಂಡು ಮುಚ್ಚಿದಳು. ಗೌರಿಗೆ ಎದುರು ಮಾತಾಡಿದವಳು ಅನ್ನಿಸಿಕೊಳ್ಳಲು ಯಾವ ಮುತ್ತೈದೆಗೆ ಧೈರ್ಯ ಬರುತ್ತದೆ? ಸ್ವರ್ಣಲತಾ ಅಕ್ಕಿಯ ಗಂಟು ಕಟ್ಟಿ ಸ್ಪಂದನಾಳ ಕೈಗೇ ವಾಪಸ್ಸು ಇಟ್ಟಳು. ಚಂದ್ರಕುಮಾರ್ ಮೊಬೈಲು ಜೇಬಿಗೆ ಹಾಕಿ ತಲೆ ಎತ್ತಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಯಾರೋ ಹಿಡಿದಿದ್ದ ಕೈ ಬಿಟ್ಟಂಥ ನಿರಾಳ ಇತ್ತು.

ಮಹದೇವಪ್ಪ ಮಾತ್ರ ಬೆವರುತ್ತಿದ್ದ. ಪರದೆ ಬಿದ್ದ ಮೇಲೆ ಕೋಣೆಯ ಬಾಗಿಲಿಗೆ ಬಂದವನು ಒಳಗೆ ಕಾಲಿಡಲಿಲ್ಲ. ಕೈಬರಹದ ಪುಸ್ತಕ ಎದೆಗೆ ಅವುಚಿಕೊಂಡು ಕೇಳಿದ: "ಅಮ್ಮಾವ್ರೆ, ಆ ಮಾತು ಬುಕ್ಕಲ್ಲಿಲ್ಲ. ನಾ ಪೂರ್ತಿ ತಿರುವಾಕ್ದೆ. ಅದ ಆಡ್ಸಿದ್ಯಾರು?"

"ನನಗೂ ಗೊತ್ತಿಲ್ಲ ಮಹದೇವಪ್ಪ" ಅಂದಳು ಸ್ವರ್ಣಲತಾ. ಸುಳ್ಳಲ್ಲ, ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

"ತಪ್ಪಾಯ್ತು ತಾಯಿ. ಬೀಗ್ರಿಗೆ ನಾನೇ ಏಳ್ತೀನಿ" ಅಂದವನೇ ಹೊಸ್ತಿಲಿಗೆ ಕೈಮುಗಿದು ಹೋದ.

ಸ್ವರ್ಣಲತಾ ಕಿರೀಟ ತೆಗೆದಿಟ್ಟು ಉಸಿರು ಬಿಟ್ಟಳು. ಒಂಬತ್ತು ವರ್ಷದ ಮೇಲೆ ಮೊದಲ ಸಲ ಹಸಿವಾಯಿತು. ಅಷ್ಟರಲ್ಲಿ ಕಾವ್ಯಶ್ರೀ ಒಳಗೆ ಬಂದು ಕದ ಮುಚ್ಚಿಕೊಂಡಳು. ಸಂತೋಷಪಡುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಅಂತ ಇವಳು ಕಾದಳು. ಕಾವ್ಯಶ್ರೀ ಕದಕ್ಕೆ ಬೆನ್ನು ಕೊಟ್ಟು ನಿಂತು ಅಳತೊಡಗಿದಳು.

"ನನ್ನೂ ಕೇಳ್ಬೇಕಾಗಿತ್ತು ಕಣಕ್ಕ. ಅವತ್ತು ನನ್ನೂ ಒಂದ್ ಮಾತು ಕೇಳ್ಬೇಕಾಗಿತ್ತು."

ಸ್ವರ್ಣಲತಾಳ ಹಸಿವು ಸತ್ತುಹೋಯಿತು. ಕೇಳಿದ್ದರೆ? ಕೇಳಿದ್ದರೆ ಕಾವ್ಯಶ್ರೀ ಬೇಡ ಅನ್ನುತ್ತಿದ್ದಳು, ನಾಗೇಂದ್ರ ಇವತ್ತು ಎಲ್ಲೋ ಹೂವು ಕೊಳ್ಳುತ್ತಿದ್ದ. ಇಷ್ಟೇ ಅಲ್ಲವೇ ಆಗಬೇಕಾಗಿದ್ದದ್ದು, ಇಷ್ಟು ಸಣ್ಣದು.

"ಈಗ ಕೇಳು" ಅಂದಳು ಕಾವ್ಯಶ್ರೀ, ಸೆರಗು ಒಡ್ಡಿ.

"ಬೇಡ ಕಣೇ."

"ಬಣ್ಣ ತೆಗೆಯೋಕ್ ಮುಂಚೆ ಕೇಳು. ಆಮೇಲೆ ಕೇಳುದ್ರೆ ನೀ ಬರೀ ಸ್ವರ್ಣಕ್ಕ."

ಸ್ವರ್ಣಲತಾ ಕಿರೀಟವನ್ನು ಮತ್ತೆ ಇಟ್ಟುಕೊಂಡಳು. ಕೋಣೆಯಲ್ಲಿ ಮಲ್ಲಿಗೆಯ ವಾಸನೆ ಗಾಢವಾಗಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

"ಮಗಳೇ ಕಾವ್ಯಶ್ರೀ, ನಿನಗೆ ಗೊತ್ತು ಮಾಡಿರುವ ವರ ನಿನಗೆ ಒಪ್ಪಿಗೆಯೇ?"

ಕಾವ್ಯಶ್ರೀ ತನ್ನ ಪಕ್ಕದ ಖಾಲಿ ಜಾಗದ ಕಡೆ ಒಮ್ಮೆ ನೋಡಿದಳು.

"ಒಪ್ಗೆ ತಾಯಿ" ಅಂದಳು.

ಒಪ್ಪಿಗೆ ಅಂದವಳಿಗೆ ಮಾತು ಕೊಡದೆ ಇರಲು ಗೌರಿಗೆ ಬರುವುದಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಅಕ್ಕಿ ಹಿಡಿದು, ಆ ಬರಿ ಹಣೆ ನೋಡುತ್ತ, ಸ್ವರ್ಣಲತಾ ಎರಡೂ ಸಾಲು ಹೇಳಿದಳು. ಬಾಗಿಲು ತೆರೆಯುವ ಕೈ ಎರಡಿರಲಿ ಅನ್ನುವಾಗ ಅರ್ಧ ಅಕ್ಕಿ ಕೈಜಾರಿ ನೆಲಕ್ಕೆ ಬಿತ್ತು. ಕಾವ್ಯಶ್ರೀ ಬಗ್ಗಿ ಒಂದೊಂದೇ ಕಾಳು ಆರಿಸಿ ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಇಬ್ಬರೂ ರಸ್ತೆಗೆ ಬಂದರು. ಪುಣಜನೂರಿನ ಕಡೆಯ ಸರ್ಕಾರಿ ಬಸ್ಸು ಬಂತು. ಕಾವ್ಯಶ್ರೀ ಹತ್ತಿ ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಕಡೆ ಬಿಟ್ಟು ಈಚೆ ಕೂತಳು. ಬಸ್ಸು ತುಂಬಿತ್ತು, ಆದರೂ ಆ ಜಾಗಕ್ಕೆ ಯಾರೂ ಬರಲಿಲ್ಲ. ಕಂಡಕ್ಟರು ಆಧಾರ್ ನೋಡಿ ಹೆಂಗಸರ ಫ್ರೀ ಟಿಕೆಟು ಹರಿದು ಕೊಟ್ಟ. ಅವಳು ಸೆರಗಿನ ಇನ್ನೊಂದು ತುದಿಯ ಗಂಟು ಬಿಚ್ಚಿ ದುಡ್ಡು ತೆಗೆದಳು.

"ಇನ್ನೊಂದು ಪುಣಜನೂರ್ಗೆ ಕೊಡಿ. ಗಂಡಸ್ರದ್ದು."

"ಗಂಡಸ್ರು ಎಲ್ಲವ್ರಮ್ಮ?" ಕಂಡಕ್ಟರು ಹಿಂದೆ ಮುಂದೆ ನೋಡಿದ.

"ನನ್ ಜೊತ್ಗೇ ಬಸ್ ಅತ್ತವ್ರೆ, ಕೊಡಿ" ಅಂದಳು ಕಾವ್ಯಶ್ರೀ. ಕೆಳಗೆ ನಿಂತಿದ್ದ ಸ್ವರ್ಣಲತಾಗೆ ಟಿಕೆಟು ಹರಿದ ಸದ್ದು ಕೇಳಿಸಿತು.